ಬಾಸ್‌ನ ಕೊಡೋದಾದ್ರೆ ಪೂರ್ತಿ ಕೊಡಿ

ಫೈಟಿಂಗ್ ಗೇಮ್ ಆಡಿದ ಎಲ್ಲರಿಗೂ ಒಂದಲ್ಲ ಒಂದು ರಾತ್ರಿ ಈ ಯೋಚನೆ ಬಂದೇ ಇರುತ್ತೆ. ಕೊನೇ ಬಾಸ್ ಹತ್ತನೇ ಸಲ ನಮ್ಮನ್ನ ನೆಲಕ್ಕೆ ಹಾಕಿ ನಗ್ತಾ ನಿಂತಿರ್ತಾನೆ, ಸೆಲೆಕ್ಟ್ ಸ್ಕ್ರೀನ್‌ಗೆ ವಾಪಸ್ ಬಂದ್ರೆ ಅವನ ಮುಖ ಅಲ್ಲಿ ಇರಲ್ಲ. ಇವನು ನಮ್ಮ ಕೈಗೆ ಸಿಕ್ಕಿದ್ರೆ ಹೆಂಗಿರುತ್ತೆ? ಕಂಪನಿಗಳಿಗೂ ಈ ಆಸೆ ಚೆನ್ನಾಗಿ ಗೊತ್ತು. ಅದಕ್ಕೇ ಆಗಾಗ ಬಾಸ್‌ನ ಕೊಡ್ತಾರೆ. ಆದರೆ ಹಲ್ಲು ಕಿತ್ತು ಕೊಡ್ತಾರೆ. ನನ್ನ ತಕರಾರು ಇರೋದು ಅಲ್ಲೇ.

ಮೊದಲು ಬಾಸ್ ಯಾಕೆ ಬಾಸ್ ಅನ್ನೋದನ್ನ ನೋಡೋಣ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಆಡೋಕೆ ಸಿಗ್ತಿದ್ದವರು ಎಂಟೇ ಜನ. ಬಾಲ್‌ರಾಗ್, ವೇಗಾ, ಸಗಾಟ್, ಎಂ. ಬೈಸನ್, ಈ ನಾಲ್ವರು ಕಂಪ್ಯೂಟರ್‌ಗೇ ಮೀಸಲು. ಇವರ ಹೊಡೆತ ಜೋರು ಅನ್ನೋದು ಅರ್ಧ ಸತ್ಯ ಅಷ್ಟೆ. ಉಳಿದರ್ಧ ಏನು ಅಂತ ತಿಳಿಯೋಕೆ ಬಾಸೇ ಬೇಕಿಲ್ಲ, ಅದೇ ಗೇಮ್‌ನ ಗೈಲ್ ಸಾಕು. ನಾವು ಗೈಲ್ ಆಡುವಾಗ ಸೋನಿಕ್ ಬೂಮ್ ಬಿಡಬೇಕಾದ್ರೆ ಸ್ಟಿಕ್ಕನ್ನ ಸ್ವಲ್ಪ ಹೊತ್ತು ಹಿಂದಕ್ಕೆ ಹಿಡಿದಿಟ್ಟು, ಆಮೇಲೆ ಮುಂದಕ್ಕೆ ತಳ್ಳಿ ಪಂಚ್ ಒತ್ತಬೇಕು. ಕಂಪ್ಯೂಟರ್ ಆಡೋ ಗೈಲ್‌ಗೆ ಈ ಕಟ್ಟುಪಾಡೇ ಇಲ್ಲ. ನಿಮ್ಮ ಕಡೆ ನಡ್ಕೊಂಡು ಬರ್ತಾನೇ ಒಂದು ಬಿಸಾಕ್ತಾನೆ. ಅವನಿಗೆ ಸ್ಟಿಕ್ಕೂ ಇಲ್ಲ, ಹೆಬ್ಬೆರಳೂ ಇಲ್ಲ, ಪ್ರೋಗ್ರಾಂ ನೇರವಾಗಿ ಆ ಮೂವ್‌ನ ಕರೆಯುತ್ತೆ. ಅಂದರೆ ಕಂಪ್ಯೂಟರ್ ಕೈಲಿರೋ ಪಾತ್ರದ ಬಲದಲ್ಲಿ ಒಂದು ಪಾಲು ಪಾತ್ರದ್ದೇ ಅಲ್ಲ. ಅದನ್ನ ನಮ್ಮ ಕೈಗೆ ಕೊಟ್ಟ ತಕ್ಷಣ ಆ ಪಾಲು ತಾನಾಗೇ ಹೋಗುತ್ತೆ. ಮುಂದಿನ ವರ್ಷ, 1992ರಲ್ಲಿ, ಚಾಂಪಿಯನ್ ಎಡಿಷನ್ ಬಂದು ನಾಲ್ಕೂ ಬಾಸ್‌ಗಳು ಆಡೋಕೆ ಸಿಕ್ಕಿದ್ರು. ಬೈಸನ್ ಆಗಲೂ ಮೇಲಿನ ಸಾಲಿನವನೇ. ಬ್ಲಾಕ್ ಮಾಡಿ ಕೂತವರನ್ನ ಅವನ ಕತ್ತರಿ ಕಿಕ್ ಮೂಲೆಗೆ ತಳ್ತಾ ಹೋಗುತ್ತೆ. ಆದರೂ ಅವನನ್ನ ಸೋಲಿಸಬಹುದಿತ್ತು, ಯಾಕಂದ್ರೆ ಆ ಕಡೆ ಕೂತವನೂ ಮನುಷ್ಯ.

ಹಂಗಾದ್ರೆ ಹಲ್ಲು ಕೀಳೋ ಅಗತ್ಯವೇ ಇಲ್ವಾ ಅಂದ್ರೆ, ಇದೆ. ಅಕುಮಾ ಕಥೆ ಕೇಳಿ. 1994ರ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋದಲ್ಲಿ ನೀವು ಚೆನ್ನಾಗಿ ಆಡ್ತಾ ಕೊನೆಗೆ ಬಂದ್ರೆ, ಬೈಸನ್ ಜೊತೆ ಫೈಟ್ ಶುರುವಾಗೋ ಹೊತ್ತಿಗೆ ಇವನು ನುಗ್ಗಿ ಬಂದು ಬೈಸನ್‌ನ ಒಂದೇ ಏಟಿಗೆ ಮುಗಿಸಿ ನಿಮ್ಮೆದುರು ನಿಲ್ತಾನೆ. ಬಾಸ್‌ನ ಎಂಟ್ರಿ ಅಂದ್ರೆ ಇದು ಗುರು! ಇವನನ್ನ ಆಡೋಕೂ ಒಂದು ಗುಟ್ಟಿನ ದಾರಿ ಇತ್ತು: ಗೊತ್ತಾದ ಕ್ರಮದಲ್ಲಿ ಕೆಲವು ಪಾತ್ರಗಳ ಮೇಲೆ ಕರ್ಸರ್ ನಿಲ್ಲಿಸ್ತಾ ಹೋಗಿ ಕೊನೆಗೆ ಬಟನ್‌ಗಳನ್ನ ಒಟ್ಟಿಗೆ ಒತ್ತಬೇಕು. ಹಂಗೆ ಸಿಗೋ ಅಕುಮಾ ಬಾಸ್ ಆಗಿ ಬಂದವನಿಗಿಂತ ಮೆತ್ತಗಿನವನು, ಸೂಪರ್ ಕಾಂಬೋನೂ ಇಲ್ಲ. ಆದರೂ ಟೂರ್ನಮೆಂಟ್‌ಗಳಲ್ಲಿ ಅವನನ್ನ ಬ್ಯಾನ್ ಮಾಡಿದ್ರು. ಕಾರಣ ಒಂದು ಮೂವ್. ರ್‍ಯೂ ನೆಲದ ಮೇಲಿಂದ ಬೆಂಕಿಯುಂಡೆ ಬಿಟ್ರೆ, ಇವನು ಗಾಳಿಯಲ್ಲಿ ಹಾರಿ ಓರೆಯಾಗಿ ಕೆಳಕ್ಕೆ ಬಿಡ್ತಾನೆ. ನೀವು ಬ್ಲಾಕ್ ಮಾಡೋಷ್ಟರಲ್ಲಿ ಇಳಿದಿರ್ತಾನೆ, ಬ್ಲಾಕ್ ಬಿಡೋಷ್ಟರಲ್ಲಿ ಮತ್ತೆ ಹಾರಿರ್ತಾನೆ. ಅರ್ಧಕ್ಕರ್ಧ ಪಾತ್ರಗಳ ಹತ್ತಿರ ಇದಕ್ಕೆ ಉತ್ತರವೇ ಇಲ್ಲ. ಆ ಬ್ಯಾನ್ ಸರಿಯಾದದ್ದೇ, ಅದರ ಬಗ್ಗೆ ನನಗೆ ಜಗಳ ಇಲ್ಲ.

ಆಮೇಲಿನ ಗೇಮ್‌ಗಳಲ್ಲಿ ಕ್ಯಾಪ್‌ಕಾಮ್‌ನೋರು ಒಂದು ಜಾಣ ದಾರಿ ಹುಡುಕಿದ್ರು. ಹೊಡೆತ ಹಾಗೇ ಇರಲಿ, ಮೈ ಮಾತ್ರ ತೆಳ್ಳಗಾಗಲಿ ಅಂತ. ಸ್ಟ್ರೀಟ್ ಫೈಟರ್ 4ರಲ್ಲಿ ರ್‍ಯೂ ಆರೋಗ್ಯ 1000 ಇದ್ರೆ ಅಕುಮಾದು 850. 2024ರಲ್ಲಿ ಸ್ಟ್ರೀಟ್ ಫೈಟರ್ 6ಕ್ಕೆ ಬಂದಾಗಲೂ 10,000ಕ್ಕೆ ಎದುರಾಗಿ 9,000. ಒಳ್ಳೇ ಡಿಸೈನ್, ಒಪ್ತೀನಿ. ಆದರೆ ಅವನೀಗ ಬಾಸ್ ಅಲ್ಲ. ರ್‍ಯೂವಿನ ಸಿಟ್ಟಿನ ದೊಡ್ಡಪ್ಪನ ಮಗ, ಅಷ್ಟೇ.

ಅದಾದ್ರೂ ಪರವಾಗಿಲ್ಲ. ಹೊಟ್ಟೆ ಉರಿಸೋದು ಇನ್ನೊಂದು. 1996ರ ಮಾರ್ಟಲ್ ಕಾಂಬ್ಯಾಟ್ ಟ್ರಿಲಜಿಯ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಗೋರೋ, ಕಿಂಟಾರೋ, ಮೊಟಾರೋ, ಶಾವ್ ಕಾನ್ ನಾಲ್ವರೂ ಡಿಸ್ಕ್ ಒಳಗೇ ಇದ್ರು. 2015ರ ಮಾರ್ಟಲ್ ಕಾಂಬ್ಯಾಟ್ ಎಕ್ಸ್ ಬರೋ ಹೊತ್ತಿಗೆ ಅದೇ ಗೋರೋ ಪ್ರೀ-ಆರ್ಡರ್ ಆಮಿಷ ಆಗಿದ್ದ. 2019ರಲ್ಲಿ ಶಾವ್ ಕಾನ್‌ಗೂ ಅದೇ ಗತಿ. ಗೇಮ್ ಹೆಂಗಿದೆ ಅಂತ ನೋಡೋ ಮೊದಲೇ ದುಡ್ಡು ಕೊಡಿ, ಬಾಸ್ ಸಿಗ್ತಾನೆ. ಸಿಗೋದು ಮಾತ್ರ ಉಳಿದವರ ಜೊತೆ ಸರಿತೂಗಿಸಿದ ಇನ್ನೊಬ್ಬ ಫೈಟರ್. ಮೆಸ್ ಬಿಲ್ ಕಟ್ಟೋಕೆ ಲೆಕ್ಕ ಹಾಕೋ ನಮ್ಮಂಥವರು ಆ ಹೆಸರಿಗೆ ದುಡ್ಡು ಕೊಡಬೇಕಾ? ಬೇಡ ಅಂತಲೇ ನನ್ನ ಅಭಿಪ್ರಾಯ.

ಸರಿಯಾಗಿ ಕೊಟ್ಟಿದ್ದು ಅಂದ್ರೆ ನನ್ನ ಪ್ರಕಾರ ಅಲ್ಟಿಮೇಟ್ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 3. ಅದರ ಬಾಸ್ ಗ್ಯಾಲಕ್ಟಸ್ ಪರದೆಯ ಒಂದು ಕಡೆಯನ್ನೇ ತುಂಬಿಕೊಂಡು ನಿಲ್ಲೋ ದೈತ್ಯ. ಇವನನ್ನ ಸರಿತೂಗಿಸೋಕೆ ಸಾಧ್ಯವೇ ಇಲ್ಲ, ಹಾಗಾಗಿ ಅವರು ಪ್ರಯತ್ನಾನೂ ಮಾಡಲಿಲ್ಲ. ಬೇರೆಯೇ ಒಂದು ಮೋಡ್ ಇಟ್ಟು, ಎದುರಿಗೆ ಕಂಪ್ಯೂಟರ್‌ನ ಮೂರು ಜನರ ತಂಡ ಬಿಟ್ಟು, ಹೋಗಿ ಆಡ್ಕೊಳ್ಳಿ ಅಂದ್ರು. ಆಡಿದ್ರೆ ಗೊತ್ತಾಗುತ್ತೆ, ಅವನಿಗೆ ಉಳಿದವರ ಹಂಗೆ ನಡೆದಾಡೋಕೆ ಬರಲ್ಲ, ಹಾರೋಕೆ ಬರಲ್ಲ. ಕೈ ಬೀಸ್ತಾನೆ, ಕುಟ್ತಾನೆ, ಬೆಳಕು ಸುರೀತಾನೆ. ಅಷ್ಟು ದಿನ ನಮ್ಮನ್ನ ಹೆದರಿಸಿದ್ದು ಫೈಟರ್ರೇ ಅಲ್ಲ, ಕೈ ಇರೋ ಒಂದು ಸ್ಟೇಜ್! ಮಿಕ್ಸಿ ಬಿಚ್ಚಿ ಒಳಗೆ ಮೋಟರ್ ನೋಡಿದಾಗಿನ ಖುಷಿ ಅದು. ಎಂಜಿನಿಯರಿಂಗ್ ಓದೋರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾ?

ಈಗ ಹಾಸ್ಟೆಲ್‌ಗೆ ಬರೋಣ. 1998ರ ಪ್ಲೇಸ್ಟೇಷನ್ ಗೇಮ್ ಆದ ಟೆಕ್ಕನ್ 3 ಇವತ್ತಿಗೂ ಎಮ್ಯುಲೇಟರ್ ಹಾಕ್ಕೊಂಡು ರೂಮ್‌ಗಳಲ್ಲಿ ನಡೀತಾನೇ ಇದೆ. ಅಲ್ಲಿ ಮೊದಲ ಕಾನೂನು: ಟ್ರೂ ಓಗರ್ ತಗೋಬಾರದು. ಬೆಂಕಿ ಉಗುಳ್ತಾನೆ, ಬ್ಲಾಕ್ ಆಗಲ್ಲ, ಚೀಟಿಂಗ್! ಈ ಕಾನೂನು ಮಾಡಿದೋರು ಯಾವಾಗಲೂ ಸೀನಿಯರ್‌ಗಳು, ಆ ಬೆಂಕಿಗೆ ಮೊದಲ ಸಲ ಆಸೆಪಡೋರು ಕಂಟ್ರೋಲರ್ ಈಗಷ್ಟೇ ಹಿಡಿದ ಜೂನಿಯರ್‌ಗಳು. ನಿಜ ಹೇಳಬೇಕಂದ್ರೆ ಟ್ರೂ ಓಗರ್ ಅಷ್ಟು ದೊಡ್ಡ ಅನುಕೂಲವೇ ಅಲ್ಲ. ಬೆಂಕಿ ಶುರುವಾಗೋದು ಕಣ್ಣಿಗೆ ಕಾಣುತ್ತೆ, ಪಕ್ಕಕ್ಕೆ ಸರಿದ್ರೆ ಆಯ್ತು. ಮೈ ದೊಡ್ಡದು ಅಂದ್ರೆ ಹೊಡೆಯೋಕೆ ಗುರೀನೂ ದೊಡ್ಡದು, ಸಣ್ಣ ಮೈಯವರಿಗೆ ತಪ್ಪಿಹೋಗೋ ಏಟು ಇವನಿಗೆ ತಗಲುತ್ತೆ.

ಫೆಸ್ಟ್ ಟೂರ್ನಮೆಂಟ್‌ನಲ್ಲಿ ಬ್ಯಾನ್ ಇಟ್ಕೊಳ್ಳಿ, ಅಲ್ಲಿ ಪ್ರೈಜ್ ಮನಿ ಇದೆ, ಜಗಳ ಬೇಡ. ರೂಮ್‌ನಲ್ಲಿ ಮಾತ್ರ ಬೇಡ. ಅದೇ ಗೇಮ್‌ನಲ್ಲಿ ಟೀಮ್ ಬ್ಯಾಟಲ್ ಅಂತ ಒಂದು ಮೋಡ್ ಇದೆ, ಎರಡೂ ಕಡೆ ಒಂದೇ ಸಂಖ್ಯೆ ಇರಬೇಕು ಅಂತೇನೂ ಇಲ್ಲ. ಒಂದು ಕಡೆ ಜೂನಿಯರ್ ಕೈಲಿ ಟ್ರೂ ಓಗರ್ ಒಬ್ಬನೇ, ಇನ್ನೊಂದು ಕಡೆ ಮೂರು ಜನ ಸೀನಿಯರ್‌ಗಳು ಸರದಿ ಮೇಲೆ. ಈ ಶನಿವಾರ ಆಡಿ ನೋಡಿ. ಮೂರನೇ ಸೀನಿಯರ್‌ಗೆ ಕಂಟ್ರೋಲರ್ ಸಿಗೋ ಹೊತ್ತಿಗೆ ರೂಮ್‌ನಲ್ಲಿ ಯಾರು ಯಾರ ಪರ ಕೂಗ್ತಾ ಇರ್ತಾರೆ ಅಂತ ನನಗೆ ಬಂದು ಹೇಳಿ.