ಬೆರಳ ತುದಿಯ ಅಂಕೆ

2020-21ರ ಸಾಂಕ್ರಾಮಿಕದ ಕಾಲದಲ್ಲಿ ಆಕ್ಸಿಮೀಟರೆಂಬ ಪುಟ್ಟ ಯಂತ್ರವು ನಮ್ಮ ವಾಚಕರಲ್ಲಿ ಅನೇಕರ ಮನೆಗಳನ್ನು ಹೊಕ್ಕಿತಷ್ಟೆ. ಅದು 97 ಎಂದರೆ ಸಮಾಧಾನ, 92 ಎಂದರೆ ಗಾಬರಿ. ನಮ್ಮ ವಿದ್ಯೆ ಇಷ್ಟೇ. ಆಸ್ಪತ್ರೆಯ ದಾದಿಯರಿಗೆ ಇಷ್ಟು ಸಾಲದು. ಅವರಿಗೆ ಕಲಿಸತಕ್ಕುದೇನೆಂಬುದನ್ನು ಈ ತಿಂಗಳು ಅರಿಕೆಮಾಡುತ್ತೇವೆ.

ಈ ಯಂತ್ರದ ತತ್ತ್ವವನ್ನು 1974ರಲ್ಲಿ ಪ್ರಕಟಿಸಿದವರು ಜಪಾನಿನ ತಕುವೊ ಅವೊಯಾಗಿಯವರು. ಆಮ್ಲಜನಕವನ್ನು ಹೊತ್ತ ರಕ್ತವು ಕೆಂಪು ಬೆಳಕನ್ನು ಹಾಯಗೊಡುವುದು. ಬರಿದಾದ ರಕ್ತವು ಅದನ್ನು ಹೆಚ್ಚಾಗಿ ಹೀರುವುದು. ಇದನ್ನು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನೊಡನೆ ಹೋಲಿಸಿ, ನಾಡಿಯೊಡನೆ ಮಿಡಿಯುವ ಅಂಶವನ್ನು ಮಾತ್ರ ಹಿಡಿದು ಯಂತ್ರವು ಲೆಕ್ಕಹಾಕುವುದು.

ಜಗತ್ತಿನ ಸುಮಾರು 77,700 ಶಸ್ತ್ರಚಿಕಿತ್ಸಾಗೃಹಗಳಲ್ಲಿ ಈ ಯಂತ್ರವಿಲ್ಲವೆಂದು 2010ರಲ್ಲಿ ಅಂದಾಜು ಮಾಡಿದ್ದರು. ಮರುವರ್ಷ ಸ್ಥಾಪಿತವಾದ ಲೈಫ್‌ಬಾಕ್ಸ್ ಎಂಬ ಧರ್ಮಸಂಸ್ಥೆಯು ಬಡ ದೇಶಗಳಿಗೆ ಯಂತ್ರವನ್ನೊದಗಿಸಿದುದಲ್ಲದೆ ಅದರೊಡನೆ ಶಿಕ್ಷಣವನ್ನೂ ಕೊಟ್ಟಿತು. ಇದು ವಿವೇಕದ ಕೆಲಸವೆಂದೇ ನಮ್ಮ ಮತ. ಹೇಗೆಂದರೆ, ಅಂಕೆಯು 85ಕ್ಕೆ ಇಳಿದೊಡನೆ ಹೊಸಬರು ಮೊದಲು ಶಂಕಿಸುವುದು ಯಂತ್ರವನ್ನು! ಹಿಡಿಕೆಯನ್ನು ತೆಗೆದು, ಒರಸಿ, ಬೇರೆ ಬೆರಳಿಗೆ ಸಿಕ್ಕಿಸುವಷ್ಟರಲ್ಲಿ ರೋಗಿಯ ಅಮೂಲ್ಯವಾದ ನಿಮಿಷ ಕಳೆದಿರುವುದು. 90ರವರೆಗೆ ಮೆಲ್ಲಗಿಳಿಯುವ ಅಂಕೆಯು ಅಲ್ಲಿಂದ ಕೆಳಕ್ಕೆ ಪಾಚಿಗಟ್ಟಿದ ಮೆಟ್ಟಿಲ ಮೇಲಿನ ಕಾಲಿನಂತೆ ಜಾರತಕ್ಕದ್ದು. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಪಾಠಕ್ರಮದಲ್ಲಿ, ಅಂಕೆಯು 94 ಅಥವಾ ಅದಕ್ಕೂ ಕಡಿಮೆಯಾದರೆ ಆಮ್ಲಜನಕವನ್ನು ಕೊಟ್ಟು, ಶ್ವಾಸಮಾರ್ಗ ತೆರೆದಿದೆಯೇ, ಉಸಿರಾಟ ನಡೆದಿದೆಯೇ, ರಕ್ತಸಂಚಾರ ಸರಿಯೇ, ಕೊಟ್ಟ ಔಷಧದ ಪರಿಣಾಮವೇ ಎಂದು ನೋಡಬೇಕೆಂದಿದೆ. ಯಂತ್ರದ ಸರದಿ ಕಟ್ಟಕಡೆಗೆ. ಅಂಕೆ ತಗ್ಗಿದಂತೆ ಶಸ್ತ್ರಗೃಹದ ಯಂತ್ರದ ಧ್ವನಿಯೂ ತಗ್ಗುವುದು. ಶ್ರುತಿಯರಿತ ಕಿವಿಗೆ ತಿರುಗಿ ನೋಡುವ ಅಗತ್ಯವೇ ಇಲ್ಲ.

ಯಂತ್ರವು ತಪ್ಪುವುದೂ ಉಂಟು. ತಣ್ಣಗಿನ ಕೈ, ನಡುಕ, ಉಗುರುಬಣ್ಣ ಇವು ಅಂಕೆಯನ್ನು ಕೆಡಿಸುವುವು. ನಮ್ಮವರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದಿದೆ: ಯಂತ್ರದ ಕಣ್ಣಿಗೆ ಬೀಳದ ಆಮ್ಲಜನಕದ ಕೊರತೆಯು ಬಿಳಿಯರಿಗಿಂತ ಕಪ್ಪುವರ್ಣದ ರೋಗಿಗಳಲ್ಲಿ ಸುಮಾರು ಮೂರು ಪಟ್ಟೆಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಹೊಗೆಯ ವಿಷವಾಯುವನ್ನು ಸೇವಿಸಿ ಮೂರ್ಛೆಹೋದವನಲ್ಲಿಯೂ ಯಂತ್ರವು 98 ಎಂದೀತು. ಆ ವಿಷವನ್ನು ಹೊತ್ತ ರಕ್ತವೂ ಅದಕ್ಕೆ ಕೆಂಪಾಗಿಯೇ ಕಾಣುವುದು.

ಇನ್ನೊಂದು ಸೂಕ್ಷ್ಮವುಂಟು. ಆಮ್ಲಜನಕವನ್ನು ಪಡೆಯುತ್ತಿರುವ ರೋಗಿಯ ಉಸಿರು ಕುಂದಿ, ಒಳಗೆ ಇಂಗಾಲದ ವಾಯು ತುಂಬಿಕೊಳ್ಳುತ್ತಿದ್ದರೂ ಅಂಕೆಯು ಬಹಳ ಹೊತ್ತು ಮೇಲೆಯೇ ನಿಂತಿರಬಹುದು. ಅಂತಹ ಹಾಸಿಗೆಯ ಬಳಿ ದಾದಿಯು ರೋಗಿಯ ಎದೆಯ ಏರಿಳಿತವನ್ನು ಕಣ್ಣಾರೆ ಕಂಡು, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಉಸಿರುಗಳನ್ನು ಎಣಿಸತಕ್ಕದ್ದು.