ಲಾರಿಯ ಫಿಲ್ಟರು ಊರಿನ ಸಂಗತಿಯೂ ಹೌದು

ಪರಿಸರವೆಂದೊಡನೆ ಗಣಿ, ಕಾಡು, ನದಿಗಳ ಮಾತು ಬರುವುದು ವಾಡಿಕೆ. ಡೀಸೆಲ್ ಲಾರಿಯ ಫಿಲ್ಟರು ಮಾಲೀಕನ ಖಾಸಗಿ ವಿಚಾರವೆಂದು ಬಿಟ್ಟುಬಿಡುತ್ತೇವೆ. ಆದರೆ ಚೌಳಹಿರಿಯೂರಿನ ತೆಂಗು, ಅಜ್ಜಂಪುರದ ಈರುಳ್ಳಿ ಪೇಟೆ ಸೇರುವುದು ಲಾರಿಯಲ್ಲಿ. ಅದು ಕಾರುವ ಹೊಗೆಯನ್ನು ಉಸಿರಾಡುವವರೂ ನಾವೇ. ಡೀಸೆಲ್ ಹೊಗೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲೇ ಸಾರಿದೆ.

ಒಂದು ಲೀಟರ್ ಡೀಸೆಲ್ ಉರಿಯಲು ಸುಮಾರು 10,000 ಲೀಟರಿಗೆ ಕಡಿಮೆಯಿಲ್ಲದಷ್ಟು ಗಾಳಿ ಬೇಕು. ಬೇಸಿಗೆಯ ಬಂಡಿದಾರಿಯಲ್ಲಿ ಆ ಗಾಳಿಯೊಡನೆ ನಮ್ಮ ಹೊಲದ ಮಣ್ಣೂ ಬರುತ್ತದೆ. ಕೆಮ್ಮಣ್ಣಿನ ಧೂಳಿನಲ್ಲಿರುವ ನುಣ್ಣನೆಯ ಮರಳಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಅದು ಒಳಹೊಕ್ಕರೆ ಪಿಸ್ಟನ್ ರಿಂಗನ್ನೂ ಬೋರನ್ನೂ ಅರೆಯುತ್ತದೆ. ಅನಂತರ ಎಂಜಿನ್ ಆಯಿಲ್ಲೇ ಉರಿಯತೊಡಗಿ, ಹೊಗೆ ಎಂಜಿನ್ ಬಿಚ್ಚುವ ತನಕ ನಿಲ್ಲುವುದಿಲ್ಲ. ಇನ್ನು ಧೂಳಿನಿಂದ ಪೂರಾ ಕಟ್ಟಿಕೊಂಡ ಫಿಲ್ಟರಾದರೋ ಘಟ್ಟವೇರುವಾಗ ಗಾಳಿ ಸಾಲದೆ ಕಪ್ಪು ಹೊಗೆಯಾಗಿ ತನ್ನನ್ನು ತೋರಿಸಿಕೊಳ್ಳುತ್ತದೆ.

ಹಾಗೆಂದು ದಿನವೂ ಬಿಚ್ಚಿ ಕಂಪ್ರೆಸರಿನಿಂದ ಊದಿಸುವುದು ಜಾಣತನವಲ್ಲ. ಕಾಗದದ ಫಿಲ್ಟರಿನ ಮೇಲೆ ಕುಳಿತ ತೆಳು ಧೂಳಿನ ಪದರವೇ ಮುಂದಿನ ಕಣಗಳನ್ನು ಹಿಡಿಯಲು ನೆರವಾಗುತ್ತದೆ. ಜೋರಾದ ಗಾಳಿ ಕಾಗದವನ್ನು ಸೀಳುತ್ತದೆ. ನೆಲಕ್ಕೆ ಕುಟ್ಟಿದರೆ ಅಂಚು ಸೊಟ್ಟಗಾಗುತ್ತದೆ. ಕಣ್ಣಿಗೆ ಚೊಕ್ಕಟವಾಗಿ ಕಾಣುವ ಆ ಫಿಲ್ಟರು ಕೊಳೆಯಾದುದಕ್ಕಿಂತ ಕೆಟ್ಟದ್ದು. ಅಡಚಣೆ ತೋರಿಸುವ ಸೂಚಕ ಕೆಂಪಾದಾಗ ಬದಲಿಸುವುದೇ ಸರಿ. ಫಿಲ್ಟರಿನಿಂದಾಚೆಯ ರಬ್ಬರ್ ಕೊಳವೆ ಬಿರಿದಿದ್ದರೆ ಹೊಸ ಫಿಲ್ಟರೂ ವ್ಯರ್ಥ; ಅದನ್ನು ನೋಡುವವರು ವಿರಳ.

ಕೊಳ್ಳುವಾಗ ಅಳತೆ ಕೂಡಿದರೆ ಸಾಲದು. ಅಗ್ಗದ ಮಾಲಿನಲ್ಲಿ ಕಾಗದದ ಮಡಿಕೆ ಕಡಿಮೆಯಿರಬಹುದು, ಆಯಿಲ್ ಫಿಲ್ಟರಿನೊಳಗಿನ ಕವಾಟದ ಒತ್ತಡ ಬೇರೆಯಿರಬಹುದು. ಇವು ಹೊರಗೆ ಕಾಣವು. ಆದ್ದರಿಂದ ಎಂಜಿನ್ ತಯಾರಕರು ಹೇಳಿದ ಪಾರ್ಟ್ ನಂಬರನ್ನೇ ನೋಡಿ ಕೊಳ್ಳಬೇಕು. ಹಳ್ಳಿಯಲ್ಲಿ ಪೀಪಾಯಿಯಲ್ಲಿಟ್ಟ ಡೀಸೆಲ್ ಬಳಸುವವರು ಡೀಸೆಲ್ ಫಿಲ್ಟರಿನ ತಳದ ನೀರನ್ನು ಪ್ರತಿದಿನ ಬೆಳಿಗ್ಗೆ ಇಳಿಸುವುದು ಒಳ್ಳೆಯದು. ನೀರು ಸೇರಿದರೆ ಇಂಜೆಕ್ಟರಿಗೆ ತುಕ್ಕು ತಪ್ಪದು.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳ ಹೊಗೆಕೊಳವೆಯಲ್ಲೂ ಫಿಲ್ಟರಿದೆ. ಅದು ಹಿಡಿದ ಮಸಿ ಕಾವಿನಲ್ಲಿ ಉರಿದುಹೋಗುತ್ತದೆ, ಆಯಿಲ್ಲಿನಿಂದ ಬಂದ ಬೂದಿ ಮಾತ್ರ ಉಳಿಯುತ್ತದೆ. ಅದಕ್ಕೆಂದೇ ಇವಕ್ಕೆ ಕಡಿಮೆ ಬೂದಿಯ ಆಯಿಲ್ ಬೇಕು. ಖರ್ಚು ಉಳಿಸಲು ಅದನ್ನೇ ಕಿತ್ತುಹಾಕಿಸುವುದು, ನನ್ನ ದೃಷ್ಟಿಯಲ್ಲಿ, ತನ್ನ ಬಿಲ್ಲನ್ನು ದಾರಿಬದಿಯ ಶಾಲೆಯ ಮಕ್ಕಳ ಶ್ವಾಸಕೋಶಕ್ಕೆ ಕಳಿಸಿದಂತೆ.

ಕಳಚಿದ ಆಯಿಲ್ ಫಿಲ್ಟರಿನದು ಇನ್ನೊಂದು ಕಥೆ. ಅದರಲ್ಲಿ ಉಳಿದ ಎಣ್ಣೆ ಕೆರೆಯಂಗಳಕ್ಕಿಳಿದರೆ ನೀರಿನ ಮೇಲೆ ಪೊರೆಗಟ್ಟುತ್ತದೆ, ಮಣ್ಣಿನ ಜೀವಿಗಳನ್ನು ಕೊಲ್ಲುತ್ತದೆ. ಗೆದ್ದಲು ತಡೆಯಲು ಬೇಲಿಗೂಟಗಳಿಗೆ ಬಳಿಯುವ ರೂಢಿಯನ್ನೂ ರೈತರು ಬಿಡಬೇಕು. ಫಿಲ್ಟರನ್ನು ಬಿಸಿಯಿರುವಾಗಲೇ ಬೋರಲು ಹಾಕಿ ಒಂದು ರಾತ್ರಿ ಬಸಿಯಬೇಕು. ಬಸಿದ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ಗ್ಯಾರೇಜಿಗೆ ಪರವಾನಗಿ ಕೊಡುವ ಗ್ರಾಮ ಪಂಚಾಯಿತಿಯು ಹಳೆಯ ಎಣ್ಣೆಗೊಂದು ಮುಚ್ಚಿದ ಪೀಪಾಯಿ ಇದೆಯೇ, ಅದನ್ನು ಒಯ್ದವರ ರಸೀದಿ ಇದೆಯೇ ಎಂದು ಕೇಳಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಎತ್ತಬಹುದು.