ಬಿಟ್ಟಿ ಎಂದವರು ಯಾರು?



ನಮ್ಮ ಹನುಮಂತನಪಟ್ಟಿಯ ಟೀ ಅಂಗಡಿಯಲ್ಲಿ ಒಂದು ಮಾತು ಕಿವಿಗೆ ಬಿತ್ತು. "ಮಕ್ಕಳ ಲ್ಯಾಪ್‌ಟಾಪಿನಲ್ಲಿದ್ದ ಆ ಲಿನಕ್ಸ್ ಬಿಟ್ಟಿ ಸರಕು. ಬಿಟ್ಟಿ ಸರಕಿಗೆ ಬೆಲೆ ಎಲ್ಲಿಯದು?" ಹೀಗೆ ಹೇಳಿದವರೂ ಮೈಮುರಿದು ದುಡಿಯುವವರೇ. ಆದ್ದರಿಂದಲೇ ಉತ್ತರ ಕೊಡಬೇಕಾಗಿದೆ.

2011ರಲ್ಲಿ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಹಂಚಲು ಆರಂಭಿಸಿದ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಇತ್ತು. ನಮ್ಮವರು ಜೀಪು ಹತ್ತಿ ಏಲಕ್ಕಿ ಕೊಯ್ಯಲು ಹೋಗುವ ಇಡುಕ್ಕಿಯಲ್ಲೂ, ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಮಕ್ಕಳು ಕಲಿಯುವುದು ಕೈಟ್ ಗ್ನು/ಲಿನಕ್ಸ್‌ನಲ್ಲಿ. ಎರಡಕ್ಕೂ ತಾಯಿಬೇರು ಒಂದೇ: 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್.

ಡೆಬಿಯನ್ ಎಂದರೆ ಒಂದು ದೊಡ್ಡ ಉಗ್ರಾಣ. 2023ರಲ್ಲಿ ಬಂದ ಅದರ 12ನೇ ಆವೃತ್ತಿಯಲ್ಲಿ 64,000ಕ್ಕೂ ಹೆಚ್ಚು ಮೂಟೆಗಳಿದ್ದವು. ಇವುಗಳಿಗೆ ಪ್ಯಾಕೇಜು ಎನ್ನುತ್ತಾರೆ. ಯಾರೋ ಬರೆದ ತಂತ್ರಾಂಶವನ್ನು ಒಬ್ಬ ಪಾಲಕ ಪರೀಕ್ಷಿಸಿ, ಮೂಟೆ ಕಟ್ಟಿ, ಇದು ಕೆಲಸ ಮಾಡಲು ಬೇರೆ ಯಾವ ಮೂಟೆ ಬೇಕೆಂದು ಚೀಟಿ ಬರೆದು, ತನ್ನ ಗುರುತು ಹಾಕಿ ಉಗ್ರಾಣಕ್ಕೆ ಸೇರಿಸುತ್ತಾನೆ. ದೋಷ ಕಂಡರೆ ತಿದ್ದುತ್ತಾನೆ. ಬಹುಪಾಲು ಜನರು ಇದನ್ನು ಸಂಬಳವಿಲ್ಲದೆ ಮಾಡುತ್ತಾರೆ. ನೋಡಿಕೊಳ್ಳುವವರು ಇಲ್ಲದ ಮೂಟೆಗೆ ಅಲ್ಲಿ ಇಟ್ಟಿರುವ ಹೆಸರು "ಅನಾಥ". ಇದು ಬಿಟ್ಟಿಯೇ? ಅಲ್ಲ, ಇದು ಕೂಡಿ ದುಡಿದ ದುಡಿಮೆ.

ಈ ದುಡಿಮೆಯನ್ನು ಕಡೆಗಣಿಸಿದರೆ ಏನಾಗುತ್ತದೆ? ಎಕ್ಸ್‌ಜೆಡ್ ಎಂಬ ಚಿಕ್ಕ ತಂತ್ರಾಂಶದ ಕಥೆ ಕೇಳಿರಿ. ಕಡತಗಳನ್ನು ಕುಗ್ಗಿಸುವ ಈ ಸಾಧನ ಲೋಕದ ಅಸಂಖ್ಯಾತ ಗಣಕಗಳಲ್ಲಿದೆ. ಅದನ್ನು ವರ್ಷಗಟ್ಟಲೆ ಹೊತ್ತವನು ಲಾಸ್ಸೆ ಕೊಲಿನ್ ಎಂಬ ಒಬ್ಬನೇ. ತನ್ನ ಶಕ್ತಿ ಕುಂದಿದೆ, ಇದು ಸಂಬಳವಿಲ್ಲದ ಬಿಡುವಿನ ಕೆಲಸ ಎಂದು 2022ರಲ್ಲಿ ಅವನೇ ಬರೆದ. ಕೆಲವರು ತಡವಾಯಿತೆಂದು ಮೂದಲಿಸಿದರು. ಆಗ ಜಿಯಾ ತಾನ್ ಎಂಬ ಹೆಸರಿನಲ್ಲಿ ಒಬ್ಬ ಸಹಾಯಕನಾಗಿ ಬಂದು, ನಂಬಿಕೆ ಗಳಿಸಿ, 2024ರಲ್ಲಿ ಆ ಮೂಟೆಯೊಳಗೆ ಕಳ್ಳಬಾಗಿಲು ಇಟ್ಟ. ಅದು ಡೆಬಿಯನ್ನಿನ ಪರೀಕ್ಷಾ ಉಗ್ರಾಣದವರೆಗೂ ಬಂದಿತ್ತು.

ಹಾಗಾದರೆ ಕಂಪನಿಯ ಮುಚ್ಚಿದ ಸರಕೇ ಮೇಲು ಎನ್ನುವಿರಾ? ನಿಲ್ಲಿರಿ. ಆಂಡ್ರೆಸ್ ಫ್ರಾಯಿಂಡ್ ಎಂಬಾತ, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿದೆಯಲ್ಲ ಎಂದು ಬೆನ್ನು ಹತ್ತಿ, 2024ರ ಮಾರ್ಚ್ 29ರಂದು ಗುಟ್ಟನ್ನು ಬಯಲಿಗೆಳೆದ. ಅವನು ಮೈಕ್ರೋಸಾಫ್ಟ್ ಕಂಪನಿಯ ಸಂಬಳಗಾರನೇ. ಆದರೂ ಮೂಟೆ ಬಿಚ್ಚಿ ನೋಡಲು ಅವನಿಗೆ ಸಾಧ್ಯವಾದದ್ದು ಅದು ಎಲ್ಲರಿಗೂ ತೆರೆದಿದ್ದರಿಂದ. ತಪ್ಪು ತೆರೆದಿಟ್ಟದ್ದರಲ್ಲಿ ಇರಲಿಲ್ಲ. ನೂರು ಜನ ನಡೆಯುವ ದಾರಿಯ ಕಳೆ ಸವರಲು ಒಬ್ಬನನ್ನೇ ಬಿಟ್ಟದ್ದರಲ್ಲಿ ಇತ್ತು.

ನಮ್ಮಲ್ಲೂ ಇದೇ ರೋಗವಿದೆ. ಬೋನಸ್ ಬಂದ ದಿನ ಎಲ್ಲರೂ ಸಂಘದವರು. ಚಂದಾ ಕೇಳಿದ ದಿನ ಮನೆಯಲ್ಲಿ ಯಾರೂ ಇಲ್ಲ. ದೊಡ್ಡ ಕಂಪನಿಗಳೂ ಇದನ್ನೇ ಮಾಡುತ್ತಿವೆ. ಕೆಲವು ಕೂಲಿ ಕೊಡುತ್ತವೆ, ನಿಜ. ಆದರೆ ಪರರ ಬೆವರಿನಿಂದ ಲಾಭ ಎಣಿಸಿ, ಬೆವರು ಸುರಿಸಿದವನ ಹೆಸರನ್ನೂ ಕೇಳದವರು ಬಹಳ.

ಆದ್ದರಿಂದ ನಮ್ಮ ಬೇಡಿಕೆ ಎರಡು. ಈ ಉಗ್ರಾಣದಿಂದ ಮೂಟೆ ಒಯ್ಯುವ ಕಂಪನಿಗಳೂ ಸರ್ಕಾರಗಳೂ ಪಾಲಕರಿಗೆ ಕೂಲಿ ಕೊಡಲಿ. ಎರಡನೆಯದು ನಮಗೇ: ಡೆಬಿಯನ್ ಅನ್ನು ಗಣಕಕ್ಕೆ ಹಾಕುವಾಗ ಕನ್ನಡವನ್ನೇ ಆರಿಸಿಕೊಳ್ಳಬಹುದು, ಅದೂ ಯಾರೋ ಕುಳಿತು ಅನುವಾದಿಸಿದ್ದೇ. ನಿಮ್ಮ ಮಗಳಿಗೆ ಅಲ್ಲಿ ತಪ್ಪು ಪದ ಕಂಡರೆ ನಕ್ಕು ಬಿಡಬೇಡಿ. ಮೇಷ್ಟ್ರ ಸಹಾಯ ಪಡೆದು ದೋಷದ ವರದಿ ಬರೆಸಿ ಕಳುಹಿಸಿರಿ. ಅದೂ ಒಂದು ಚಂದಾ.

ಇನ್ನು ಮುಂದೆ ಟೀ ಅಂಗಡಿಯಲ್ಲಿ ಯಾರಾದರೂ "ಬಿಟ್ಟಿ" ಎಂದರೆ ಕೇಳಿರಿ: ಅಣ್ಣಾ, ಇದಕ್ಕೆ ದುಡಿದವರು ಯಾರು?